ಉಭಾ ಅಕ್ಷರದಲ್ಲಿ ಅಪ್ಪನ ಹೆಸರು

ಸಂಜೆಯ ಪ್ಯಾಸೆಂಜರ್ ಗಾಡಿಯಲ್ಲಿ ಬೆಳಗಾವಿಯಿಂದ ಖಾನಾಪುರಕ್ಕೆ ಮರಳುವಾಗ ಕಿಟಕಿಗೆ ತಲೆ ಆನಿಸಿ ಅರ್ಧ ನಿದ್ದೆಗೆ ಜಾರುತ್ತಿದ್ದೆ. ಪೂರ್ತಿ ನಿದ್ದೆ ಅಲ್ಲ. ಎದುರಿಗೆ ಕುಳಿತವರ ಮಾತು ಕೇಳಿಸುತ್ತಿರುತ್ತದೆ, ಆದರೆ ಅದು ಯಾವ ಭಾಷೆ ಎಂದು ತಿಳಿಯುವುದಿಲ್ಲ, ಅಂಥ ನಿದ್ದೆ. ಆ ಹೊತ್ತಿನಲ್ಲಿ ಮುಚ್ಚಿದ ಕಣ್ಣೊಳಗೆ ಅಕ್ಷರಗಳು ನಡೆದು ಬರುತ್ತಿದ್ದವು. ಎತ್ತರದವು, ದಪ್ಪನೆಯವು, ಒಂದರ ಭುಜ ಇನ್ನೊಂದಕ್ಕೆ ತಾಗಿಸಿ ನಿಂತವು. ದೇಸೂರು ಸ್ಟೇಷನ್ನಿನ ಹಳದಿ ಹಲಗೆ ಬರುತ್ತಿತ್ತು, ಹೋಗುತ್ತಿತ್ತು. ನನ್ನ ಅಕ್ಷರಗಳು ಮಾತ್ರ ಗದ್ದೆಯ ಮೇಲೆ, ಮಂಜಿನ ಮೇಲೆ, ಗಾಡಿಯ ಜೊತೆಗೇ ಬರುತ್ತಿದ್ದವು. ದಿನವಿಡೀ ಅವನ್ನೇ ನೋಡಿದ ಕಣ್ಣಿಗೆ ಬೇರೆ ಏನು ಕಾಣಬೇಕು?

ಇಸವಿ ಎರಡು ಸಾವಿರದ ಆಸುಪಾಸಿನ ಮಾತು. ರವಿವಾರ ಪೇಟೆಯ ಒಂದು ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ನಾನು ಕಂಪ್ಯೂಟರ್ ಮೇಲೆ ಅಕ್ಷರ ಕೂಡಿಸುವ ಕೆಲಸಕ್ಕಿದ್ದೆ. ಕೆಳಗೆ ಮೆಣಸಿನಕಾಯಿಯ ಸಗಟು ಅಂಗಡಿ, ಮೇಲೆ ನಮ್ಮ ಪ್ರೆಸ್ಸು. ಮೂಟೆ ಬಿಚ್ಚಿದ ದಿನ ಮಹಡಿಯವರೆಲ್ಲ ಸೀನುತ್ತಲೇ ಕೆಲಸ ಮಾಡಬೇಕು. ಕಂಪ್ಯೂಟರ್ ಇದ್ದ ಸಣ್ಣ ಕೋಣೆಗೆ ಚಪ್ಪಲಿ ಬಿಟ್ಟೇ ಹೋಗಬೇಕು ಎಂದು ಮಾಲೀಕರ ಕಟ್ಟಪ್ಪಣೆ. ದೇವರ ಕೋಣೆಗಾದರೂ ಅವರು ಚಪ್ಪಲಿ ಹಾಕಿಕೊಂಡು ಹೋದಾರು, ಅಲ್ಲಿಗೆ ಇಲ್ಲ. ನಾನು ಅದಕ್ಕೆ ನಗುತ್ತಿದ್ದೆ, ಆದರೆ ಬರಿಗಾಲನ್ನು ತಣ್ಣನೆಯ ನೆಲದ ಮೇಲಿಟ್ಟು ಕುಳಿತು ಅಕ್ಷರ ಕೂಡಿಸುವುದು ನನಗೂ ಸೇರುತ್ತಿತ್ತು.

ನಮ್ಮಲ್ಲಿ ಬಹಳ ಓಡುತ್ತಿದ್ದ ಅಕ್ಷರ ಒಂದೇ. ಕಂಪ್ಯೂಟರಿನ ಪಟ್ಟಿಯಲ್ಲಿ ಅದಕ್ಕೆ ಬೋಲ್ಡ್ ಕಂಡೆನ್ಸ್ಡ್ ಎಂಬ ಬಾಲ ಹಚ್ಚಿದ ಉದ್ದ ಹೆಸರಿತ್ತು. ಅಷ್ಟೆಲ್ಲ ಯಾರು ಅನ್ನುತ್ತಾರೆ? ಮಾಲೀಕರು ಅದಕ್ಕೆ ಉಭಾ ಅಕ್ಷರ ಎಂದು ಕರೆದಿದ್ದರು. ಉಭಾ ಅಂದರೆ ನಿಂತದ್ದು, ಮರಾಠಿಯಿಂದ ನಮ್ಮ ಕಡೆಗೆ ಬಂದ ಮಾತು. ಪುಸ್ತಕದ ಕನ್ನಡ ಅಕ್ಷರ ಉಂಡು ಗೋಡೆಗೆ ಆತು ಕುಳಿತ ಗೃಹಸ್ಥನ ಹಾಗೆ. ದುಂಡಗೆ, ಹೊಟ್ಟೆ ಬಿಟ್ಟುಕೊಂಡು, ಒಂದು ಕಡೆ ದಪ್ಪ ಒಂದು ಕಡೆ ಸಣ್ಣ. ಉಭಾ ಅಕ್ಷರಕ್ಕೆ ಹೊಟ್ಟೆಯೇ ಇಲ್ಲ. ಎಲ್ಲ ಗೆರೆಯೂ ಒಂದೇ ದಪ್ಪ, ತಲೆಕಟ್ಟು ಚಪ್ಪಟೆ, ತುದಿಯಲ್ಲಿ ಬಳುಕು ಇಲ್ಲ, ಕೊಂಕು ಇಲ್ಲ. ಇಕ್ಕಟ್ಟಾದ ಜಾಗದಲ್ಲಿ ಮೈ ಕುಗ್ಗಿಸಿಕೊಂಡು ತಲೆ ಮಾತ್ರ ಎತ್ತರಕ್ಕೆ ಎತ್ತಿ ನಿಲ್ಲುತ್ತದೆ.

ಸಾದಾ ಅಕ್ಷರವನ್ನೇ ಕಂಪ್ಯೂಟರಿನಲ್ಲಿ ಎರಡೂ ಕಡೆಯಿಂದ ಒತ್ತಿದರೆ ಸಾಲದೇ ಎಂದು ಗಿರಾಕಿಗಳು ಕೇಳುತ್ತಿದ್ದರು. ಈ ಪ್ರಶ್ನೆಗೆ ನನಗೆ ಸಿಟ್ಟು ಬರುತ್ತಿತ್ತು, ಈಗಲೂ ಬರುತ್ತದೆ. ಹಾಗೆ ಒತ್ತಿದರೆ ನಿಂತ ಗೆರೆ ಸೊರಗುತ್ತದೆ, ಮಲಗಿದ ಗೆರೆ ದಪ್ಪವಾಗಿಯೇ ಉಳಿಯುತ್ತದೆ, ಅಕ್ಷರ ಜ್ವರ ಬಿಟ್ಟೆದ್ದವರ ಹಾಗೆ ಕಾಣುತ್ತದೆ. ಉಭಾ ಅಕ್ಷರವನ್ನು ಬರೆದವನು ಮೊದಲಿಗೇ ಇಕ್ಕಟ್ಟಿನ ಲೆಕ್ಕ ಹಾಕಿ ಬರೆದಿರುತ್ತಾನೆ. ಒಳಗಿನ ಬಿಳಿ ಎಷ್ಟು ಬೇಕು, ಹೊರಗಿನ ಕಪ್ಪು ಎಷ್ಟು ಬೇಕು, ಒತ್ತಕ್ಷರ ಕೆಳಗೆ ಎಲ್ಲಿ ಕಾಲಿಡಬೇಕು, ಎಲ್ಲ ಯೋಚಿಸಿರುತ್ತಾನೆ. ಅವನು ಯಾರೋ ನನಗೆ ಗೊತ್ತಿಲ್ಲ. ಗೊತ್ತಿದ್ದರೆ ಒಂದು ಸಲ ಊಟಕ್ಕೆ ಕರೆಯುತ್ತಿದ್ದೆ.

ಆ ಅಕ್ಷರಕ್ಕೆ ಬೆಳಗಾವಿಯಂಥ ಊರು ಬೇಕಿತ್ತು ಅಂತ ನನ್ನ ಎಣಿಕೆ. ಒಂದೇ ಬೋರ್ಡಿನ ಮೇಲೆ ಕನ್ನಡ, ಮರಾಠಿ, ಇಂಗ್ಲಿಷು ಮೂರೂ ಹಿಡಿಸಬೇಕು, ಯಾವುದೂ ಇನ್ನೊಂದಕ್ಕಿಂತ ಸಣ್ಣದಾಗಬಾರದು, ಸಣ್ಣದಾಯಿತೋ ಜಗಳ. ದುಂಡನೆಯ ಅಕ್ಷರಕ್ಕೆ ಇಲ್ಲಿ ಬಾಳುವೆ ಕಷ್ಟ. ಕುಸ್ತಿಯ ಪೋಸ್ಟರ್, ನಾಟಕದ ಪೋಸ್ಟರ್, ಟ್ಯೂಷನ್ ಕ್ಲಾಸು, ಸೀರೆಗಳ ಸೇಲು, ಸೊಸೈಟಿ ಚುನಾವಣೆಯ ಹ್ಯಾಂಡ್‌ಬಿಲ್ಲು, ಎಲ್ಲದಕ್ಕೂ ಉಭಾ ಅಕ್ಷರವೇ. ಪೈಲ್ವಾನರ ಹೆಸರನ್ನು ಅದರಲ್ಲಿ ಕೂಡಿಸಿದರೆ ಹೆಸರೇ ತೊಡೆ ತಟ್ಟಿ ನಿಂತ ಹಾಗೆ ಆಗುತ್ತಿತ್ತು.

ಮತ್ತೆ ಸತ್ತವರ ಹಾಳೆ. ಯಾರಾದರೂ ತೀರಿಕೊಂಡರೆ ಮನೆಯವರಲ್ಲಿ ಒಬ್ಬರು ಬೆಳಿಗ್ಗೆಯೇ ಪ್ರೆಸ್ಸಿಗೆ ಬರುತ್ತಿದ್ದರು. ಮಧ್ಯಾಹ್ನದೊಳಗೆ ಓಣಿಯ ಕಂಬಗಳಿಗೆ ಹಾಳೆ ಅಂಟಬೇಕು. ಅದಕ್ಕೆ ನಮ್ಮಲ್ಲೊಂದು ಪದ್ಧತಿ ಇತ್ತು. ಮೇಲೆ ಕಪ್ಪು ಪಟ್ಟಿ, ಪಟ್ಟಿಯ ಮೇಲೆ ಬಿಳಿ ಉಭಾ ಅಕ್ಷರದಲ್ಲಿ ಹೆಸರು, ಸುತ್ತ ಒಂದು ಬಿಳಿ ಗೆರೆ, ಉಳಿದದ್ದೆಲ್ಲ ಕೆಳಗೆ ಸಣ್ಣ ಅಕ್ಷರದಲ್ಲಿ. ಸೈಕಲ್ ಮೇಲೆ ಹೋಗುವವನಿಗೂ ಹೆಸರು ಕಣ್ಣಿಗೆ ಬೀಳಬೇಕು ಎಂದು ಮಾಲೀಕರು ಹಾಗೆ ಹಾಕಿಸುತ್ತಿದ್ದರು. ನೋಡುತ್ತ ನೋಡುತ್ತ ಉಳಿದ ಪ್ರೆಸ್ಸಿನವರೂ ಹಾಗೇ ಮಾಡಿದರು. ಬೆಳಗಾವಿಯಿಂದ ಹಿಡಿದು ಖಾನಾಪುರ, ನಂದಗಡದವರೆಗೆ ಸತ್ತವರೆಲ್ಲ ಕಪ್ಪಿನ ಮೇಲೆ ಬಿಳಿಯಾಗಿ ನಿಂತರು. ಇಷ್ಟು ವರ್ಷ ಯಾರ ಕಣ್ಣಿಗೂ ಬೀಳದವರು ಒಂದು ದಿನ ಅಷ್ಟು ದೊಡ್ಡವರಾಗುತ್ತಿದ್ದರು.

ಇನ್ನು ನಮ್ಮ ಮನೆಯ ವಿಷಯ. ಖಾನಾಪುರದಲ್ಲಿ ಗೋವಾಕ್ಕೆ ಹೋಗುವ ರಸ್ತೆಯ ಮೇಲೆ, ಬಸ್ ಸ್ಟ್ಯಾಂಡಿನಿಂದ ಸ್ವಲ್ಪ ಮುಂದೆ, ಅವ್ವನ ಖಾನಾವಳಿ ಇತ್ತು. ಖಾನಾವಳಿ ಅಂದರೆ ಒಂದು ಸಂದಿ. ಮೊದಲು ಅಲ್ಲಿ ನಮ್ಮ ಹಳೆಯ ಹಂಚಿನ ಮನೆ ಇತ್ತು, ಸಂದಿಯಿಂದ ದನಗಳು ಹಿತ್ತಿಲಿಗೆ ಹೋಗುತ್ತಿದ್ದವು. ದೊಡ್ಡಪ್ಪ ಆ ಮನೆ ಕೆಡವಿ ಸಂದಿಯ ಎರಡೂ ಬಾಜುವಿಗೆ ಸಿಮೆಂಟಿನ ಅಂಗಡಿ ಎಬ್ಬಿಸಿದರು, ಒಂದರಲ್ಲಿ ಕಿರಾಣಿ, ಒಂದರಲ್ಲಿ ಬೀಜ ಗೊಬ್ಬರ. ನಡುವಿನ ಸಂದಿಯನ್ನು ಅವ್ವ ತಾನಾಗಿ ಕೇಳಿ ಪಡೆದಳು. ಮೇಲೆ ತಗಡು ಹೊದಿಸಿ, ಉದ್ದಕ್ಕೆ ಬೆಂಚು ಹಾಕಿ, ಹಿಂದೆ ಒಲೆ ಹೂಡಿದಳು. ಎರಡು ಕೈ ಚಾಚಿದರೆ ಎರಡೂ ಗೋಡೆ ಸಿಗುವಷ್ಟು ಅಗಲ. ದೊಡ್ಡಪ್ಪ ಕೆಟ್ಟವರಲ್ಲ. ನಮ್ಮ ಅಡುಗೆಮನೆಯಲ್ಲೇ ಇರಬಾರದೇ ಎಂದು ಬಹಳ ಹೇಳಿದರು. ಅವ್ವ ಕೇಳಲಿಲ್ಲ.

ಅಪ್ಪ ಇರಲಿಲ್ಲ. ನಾನು ಶಾಲೆಯಲ್ಲಿ ನಾಲ್ಕನೇ ಇಯತ್ತೆಯಲ್ಲಿದ್ದಾಗ ಗೋವಾಕ್ಕೆ ಕೆಲಸಕ್ಕೆ ಹೋದವನು ಮೊದಲು ಹಬ್ಬಕ್ಕೆ ಬರುತ್ತಿದ್ದ, ಆಮೇಲೆ ಬರುವುದನ್ನು ಬಿಟ್ಟ. ವಾಸ್ಕೋದಲ್ಲಿ ನೋಡಿದೆ ಎಂದು ಒಬ್ಬರು, ಮುಂಬೈಗೆ ಹೋದನಂತೆ ಎಂದು ಒಬ್ಬರು. ಹುಡುಕಲು ಹೋದ ದೊಡ್ಡಪ್ಪ ಬರಿಗೈಯಲ್ಲಿ ಬಂದರು. ಅವ್ವ ಮಾತ್ರ ಕುಂಕುಮ ಹಚ್ಚಿಕೊಂಡು, ಹಸಿರು ಬಳೆ ಇಟ್ಟುಕೊಂಡು, ಯಾರಾದರೂ ಕೇಳಿದರೆ "ಗೋವಾದಾಗ ಅದಾರ್ರಿ, ಆರಾಮ ಅದಾರ" ಎನ್ನುತ್ತಿದ್ದಳು. ಹೇಳುವಾಗ ದನಿ ಒಂದಿಷ್ಟೂ ಅಲ್ಲಾಡುತ್ತಿರಲಿಲ್ಲ. ನನಗೆ ಅಪ್ಪನ ಮೇಲೆ ಕಡುಸಿಟ್ಟು. ಅವಳ ಮುಂದೆ ತೋರಿಸುತ್ತಿರಲಿಲ್ಲ, ಅಷ್ಟೇ.

ಶ್ರಾವಣ ಮುಗಿಯುತ್ತ ಬಂದ ಒಂದು ಮಧ್ಯಾಹ್ನ, ನನಗೆ ರಜೆಯ ದಿನ, ಅವ್ವ ಹಿಟ್ಟು ನಾದುತ್ತ ಕೇಳಿದಳು.

"ನಿಮ್ಮ ಪ್ರೆಸ್‌ನ್ಯಾಗ ದಪ್ಪ ಅಕ್ಷರಾ ಮಾಡ್ತೀರಲ್ಲ, ನಮಗೂ ಒಂದು ಬೋರ್ಡ್ ಮಾಡಾಕ ಬರ್ತೈತೇನ?"

"ಯಾಕ ಬರೂದಿಲ್ಲ? ಏನಂತ ಬರೀಲಿ?"

"ನಿಮ್ಮಪ್ಪಾರ ಹೆಸರು."

ಗಂಡನ ಹೆಸರನ್ನು ಅಂಗಡಿಗೆ ಇಡುವುದು ನಮ್ಮ ಕಡೆ ಹೊಸದಲ್ಲ. ಆದರೂ ಬಿಟ್ಟು ಹೋದವನ ಹೆಸರು! ಒಳಗಿನ ಸಿಟ್ಟನ್ನು ನುಂಗಿ ಕೆಲಸದ ಮಾತಿಗೆ ಬಂದೆ. ಹೆಸರು ಉದ್ದವಿದೆ, ಒತ್ತಕ್ಷರಗಳಿವೆ, ಸಂದಿ ಸಣ್ಣದು, ಕೆಳಗೆ ಮರಾಠಿಯಲ್ಲೂ ಬರೆಯಬೇಕು, ಇಲ್ಲದಿದ್ದರೆ ಅರ್ಧ ಊರು ಒಳಗೆ ಬರುವುದಿಲ್ಲ ಎಂದೆ.

"ಮರಾಠಿ ಬ್ಯಾಡ. ಕನ್ನಡ ಒಂದ ಸಾಕು, ಜಾಗಾ ಎಲ್ಲಾ ಅದಕ್ಕ ಬಿಡು."

"ಮತ್ತ ಮಂದಿಗೆ ತಿಳೀಬೇಕಲ್ಲವ್ವಾ?"

"ನಿಮ್ಮಪ್ಪಾರು ಕಲ್ತಿದ್ದು ಕನ್ನಡ ಸಾಲ್ಯಾಗ," ಎಂದಳು. ಸ್ವಲ್ಪ ಹೊತ್ತು ಹಿಟ್ಟನ್ನೇ ತಿರುವಿ ತಿರುವಿ ನಾದಿದಳು. "ಹಳೀ ಮನಿ ಇಲ್ಲ ಈಗ. ಇದ ರಸ್ತಾದಾಗ ಬಸ್ಸಿನ್ಯಾಗ ಹೊಂಟ್ರ ಅವರಿಗೆ ಗುರ್ತ ಹೆಂಗ ಸಿಗಬೇಕು? ಓಡೂ ಗಾಡ್ಯಾಗ ಕುಂತವರಿಗೂ ಓದಾಕ ಬರಬೇಕು, ಹಂಗ ಮಾಡು."

ಆಗ ನನಗೆ ಗೊತ್ತಾಯಿತು. ಖಾನಾವಳಿಗೆ ಗಿರಾಕಿ ಇದ್ದರು, ಕೋರ್ಟಿನ ಕಾರಕೂನರು, ಲಾರಿಯವರು, ಬಾಡಿಗೆ ಕೋಣೆಯ ಮಾಸ್ತರರು. ಅವರಿಗೆ ಬೋರ್ಡು ಬೇಕಿರಲಿಲ್ಲ, ಒಗ್ಗರಣೆಯ ವಾಸನೆ ಹಿಡಿದು ಬರುತ್ತಿದ್ದರು. ಈ ಬೋರ್ಡು ಒಬ್ಬನಿಗಾಗಿ. ಆ ಒಬ್ಬ ಎಂದಾದರೂ ಈ ರಸ್ತೆಯಲ್ಲಿ ಹೋದರೆ ಓದಬೇಕು, ಓದಿ ಇಳಿಯಬೇಕು. ಅವ್ವನ ಹನ್ನೊಂದು ವರ್ಷ ಆ ಒಂದು ಓದಿನ ಮೇಲೆ ನಿಂತಿತ್ತು. ನನ್ನ ಸಿಟ್ಟು ಅಲ್ಲೇ ಕರಗಲಿಲ್ಲ, ಆದರೆ ಪಕ್ಕಕ್ಕೆ ಸರಿದು ಕುಳಿತಿತು.

ಮರುದಿನ ಪ್ರೆಸ್ಸಿನಲ್ಲಿ ಅಪ್ಪನ ಹೆಸರು ಕೂಡಿಸಿದೆ. ಕಂಪ್ಯೂಟರಿನ ಪರದೆ ತುಂಬ ಅದು ಎದ್ದು ನಿಂತಿತು. ಮನೆಯಲ್ಲಿ ಯಾರೂ ಬಾಯಿಬಿಟ್ಟು ಅನ್ನದ ಹೆಸರು. ಮಾಲೀಕರು ಹಿಂದೆ ಬಂದು ನಿಂತು ನೋಡಿದರು.

"ಒತ್ತಕ್ಷರ ಸ್ವಲ್ಪ ಮ್ಯಾಲ ತಗೋವಾ, ಮಳಿ ನೀರು ಕೆಳಗಿನ ಅಂಚಿಗೆ ನಿಂತು ಬಣ್ಣಾ ಬಿಡ್ತೈತಿ," ಎಂದರು. ಬೇರೆ ಏನೂ ಕೇಳಲಿಲ್ಲ, ಹಾಳೆಯ ದುಡ್ಡನ್ನೂ ಹಿಡಿಯಲಿಲ್ಲ.

ಆಗಿನ್ನೂ ನಮ್ಮ ಕಡೆ ಫ್ಲೆಕ್ಸ್ ಬಂದಿರಲಿಲ್ಲ. ದೊಡ್ಡ ಅಕ್ಷರ ಬೇಕಾದರೆ ಹೆಸರನ್ನು ತುಂಡು ತುಂಡಾಗಿ ಹಾಳೆಗಳ ಮೇಲೆ ತೆಗೆದು, ಅಂಟಿಸಿ, ಅಂಚಿನುದ್ದಕ್ಕೂ ಸೂಜಿಯಿಂದ ತೂತು ಮಾಡಬೇಕು. ಹಾಳೆಯನ್ನು ತಗಡಿನ ಮೇಲಿಟ್ಟು ತೆಳು ಅರಿವೆಯಲ್ಲಿ ಕಟ್ಟಿದ ಪುಡಿಯ ಗಂಟಿನಿಂದ ತಟ್ಟಿದರೆ ಚುಕ್ಕಿ ಮೂಡುತ್ತದೆ, ಪೇಂಟರ್ ಚುಕ್ಕಿ ಹಿಡಿದು ಬಣ್ಣ ತುಂಬುತ್ತಾನೆ. ಆ ಸೂಜಿ ಕೆಲಸವನ್ನು ಅವ್ವನೇ ಮಾಡುತ್ತೇನೆಂದಳು. ಊಟದ ಗದ್ದಲ ಮುಗಿದ ಮೇಲೆ ಬೆಂಚಿನ ಮೇಲೆ ಹಾಳೆ ಹಾಸಿ, ಕೆಳಗೆ ಗೋಣಿಚೀಲ ಮಡಿಸಿಟ್ಟು ಕುಳಿತಳು. ತಗಡಿನ ಮೇಲೆ ಸಣ್ಣ ಮಳೆ. ಸಂದಿಯ ಆ ತುದಿಯಿಂದ ಹಿತ್ತಿಲ ಬೆಳಕು, ಈ ತುದಿಯಿಂದ ರಸ್ತೆಯ ಬೆಳಕು, ನಡುವೆ ಅವ್ವ. ಸೂಜಿ ಟಿಕ್ ಟಿಕ್ ಎಂದು ಅಪ್ಪನ ಹೆಸರಿನ ಸುತ್ತ ಹೋಗುತ್ತಿತ್ತು. ತಲೆಕಟ್ಟು ಹತ್ತಿ, ಇಳಿದು, ತಿರುವಿನಲ್ಲಿ ನಿಂತು, ಮತ್ತೆ ಮುಂದೆ. ಸೀರೆಯ ಅಂಚು ಹೊಲಿಯುವಾಗಿನ ಮುಖವೇ ಅದು, ಆದರೆ ತುಟಿಯಲ್ಲಿ ಒಂದು ಸಣ್ಣ ನಗು ಇತ್ತು. ನಾನು ಎದುರಿಗೆ ಕುಳಿತು ತೂಕಡಿಸುತ್ತಿದ್ದೆ. ಕಣ್ಣು ತೆರೆದಾಗಲೆಲ್ಲ ಅವಳು ಒಂದಕ್ಷರ ಮುಂದೆ ಹೋಗಿರುತ್ತಿದ್ದಳು.

ಪುಡಿಗೆ ರಂಗೋಲಿ ಸಾಕು ಎಂದಳು. ಪೀರನವಾಡಿಯಿಂದ ಬಂದ ಪೇಂಟರನ ಹತ್ತಿರ ಕಪ್ಪು ಬಳಿದ ತಗಡು ತಯಾರಿತ್ತು. ಅದರ ಮೇಲೆ ಹಾಳೆ ಇಟ್ಟು ರಂಗೋಲಿಯ ಗಂಟು ತಟ್ಟಿ ಎತ್ತಿದಾಗ ಕಪ್ಪು ತಗಡಿನ ಮೇಲೆ ಬಿಳಿ ಚುಕ್ಕಿಗಳಲ್ಲಿ ಅಪ್ಪನ ಹೆಸರು ಮೂಡಿತ್ತು. ಉಸಿರು ಬಿಟ್ಟರೆ ಹಾರಿಹೋಗುವಷ್ಟು ಹಗುರ. ನಾವು ಮೂವರೂ ಬಗ್ಗಿ ನೋಡಿದೆವು. ದೂರಕ್ಕೆ ಕಾಣಬೇಕಾದರೆ ಕಪ್ಪಿನ ಮೇಲೆ ಬಿಳಿಯೇ ಸರಿ ಎಂದು ಪೇಂಟರ್, ಹೌದು ಎಂದು ನಾನು, ಹಾಗೇ ಆಗಲಿ ಎಂದು ಅವ್ವ. ಹೆಸರಿನ ಕೆಳಗೆ ಜಾಗ ಉಳಿದಷ್ಟರಲ್ಲಿ ಖಾನಾವಳಿ ಎಂದು ಸಣ್ಣಗೆ ಬಂತು. ಕೊನೆಗೆ ಪೇಂಟರ್ ತನ್ನ ರೂಢಿಯ ಪ್ರಕಾರ ಸುತ್ತ ಒಂದು ಬಿಳಿ ಗೆರೆ ಎಳೆದ.

ಬೋರ್ಡು ಏರಿಸಿದ ದಿನ ನಾನೂ ಅವ್ವನೂ ರಸ್ತೆಯ ಆಚೆ ನಿಂತು ನೋಡಿದೆವು. ಎರಡೂ ಬಾಜುವಿನ ಅಗಲ ಬೋರ್ಡುಗಳಲ್ಲಿ ದೊಡ್ಡಪ್ಪನ ದುಂಡನೆಯ ಅಕ್ಷರಗಳು ಕಾಲು ಚಾಚಿ ಮಲಗಿದ್ದವು. ನಡುವೆ, ಆ ಸಣ್ಣ ಸಂದಿಯ ನೆತ್ತಿಯ ಮೇಲೆ, ಮೊಣಕಾಲಿನಷ್ಟು ಎತ್ತರದ ಬಿಳಿ ಅಕ್ಷರಗಳು ಸಾಲಾಗಿ ನಿಂತಿದ್ದವು. ಬಸ್ ಸ್ಟ್ಯಾಂಡಿನ ತಿರುವಿನವರೆಗೆ ಹಿಂದೆ ಹೋದರೂ ಓದಲು ಬರುತ್ತಿತ್ತು. ನನಗೆ ಹೆಮ್ಮೆ ಆಯಿತು, ಸುಳ್ಳು ಯಾಕೆ ಹೇಳಲಿ. ಇಂಥ ಅಕ್ಷರ ಖಾನಾಪುರದಲ್ಲಿ ಯಾರೂ ಹಾಕಿರಲಿಲ್ಲ.

ಮೊದಲು ಬಂದವರು ಕೋರ್ಟಿನ ಕಾರಕೂನರೊಬ್ಬರು. ಬಾಗಿಲಲ್ಲಿ ಚಪ್ಪಲಿ ಬಿಟ್ಟರು. ಖಾನಾವಳಿಯಲ್ಲಿ ಯಾರೂ ಚಪ್ಪಲಿ ಬಿಡುವುದಿಲ್ಲ. ಬೆಂಚಿನ ತುದಿಗೆ ಕುಳಿತು, ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡು, ಸಣ್ಣ ದನಿಯಲ್ಲಿ ಕೇಳಿದರು.

"ಯಾವಾಗ ಆತ್ರಿ ಅಕ್ಕಾರ?"

"ಏನ್ರಿ? ಪಲ್ಯಾ? ಈಗ ಇಳಿಸೇನ್ರಿ," ಎಂದಳು ಅವ್ವ.

ಅವರು ಅವ್ವನ ಹಣೆಯ ಕುಂಕುಮ ನೋಡಿದರು, ನನ್ನನ್ನು ನೋಡಿದರು, ಮಾತು ಹೊರಳಿಸಿ ಅರ್ಧ ಊಟ ಮಾಡಿ ಎದ್ದರು. ಅವರ ಹಿಂದೆ ಬೀಜದಂಗಡಿಗೆ ಬಂದ ರೈತರಿಬ್ಬರು ದೊಡ್ಡಪ್ಪನ ಕೈ ಹಿಡಿದು, ಗಟ್ಟಿಯಾಗಿರ್ರಿ ಎಂದರಂತೆ. ದೊಡ್ಡಪ್ಪ ಲುಂಗಿ ಎತ್ತಿಕೊಂಡು ಓಡಿ ಬಂದು ಸಂದಿಯ ಬಾಯಲ್ಲಿ ನಿಂತರು. ಮುಖ ಬಿಳುಚಿತ್ತು.

"ತಮ್ಮಾ ಹೋದನೇನ? ನನಗೊಂದು ಮಾತು ಹೇಳಬಾರದೇನ?"

ಆಗ ನಾನು ತಲೆ ಎತ್ತಿ ನಮ್ಮ ಬೋರ್ಡನ್ನು ಊರವರ ಕಣ್ಣಿಂದ ನೋಡಿದೆ. ಕಪ್ಪು ಪಟ್ಟಿ, ಬಿಳಿ ಉಭಾ ಅಕ್ಷರದ ಹೆಸರು, ಸುತ್ತ ಬಿಳಿ ಗೆರೆ, ಉಳಿದದ್ದು ಕೆಳಗೆ ಸಣ್ಣಗೆ. ಕಂಬಕ್ಕೆ ಅಂಟಿಸುವ ಸತ್ತವರ ಹಾಳೆಯನ್ನೇ ನಾವು ತಗಡಿನ ಮೇಲೆ ದೊಡ್ಡದು ಮಾಡಿ ಮನೆಯ ಮುಂದೆ ಏರಿಸಿದ್ದೆವು. ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಅವ್ವ ನಕ್ಕಳು. ಸೆರಗು ಬಾಯಿಗೆ ಹಿಡಿದು, ಹೊಟ್ಟೆ ಹಿಡಿದುಕೊಂಡು ನಕ್ಕಳು. ದೊಡ್ಡಪ್ಪನೂ ನಕ್ಕರು, ಆದರೆ ಕಣ್ಣು ಒರೆಸಿಕೊಳ್ಳುತ್ತ ನಕ್ಕರು.

ಬಣ್ಣ ಬದಲಿಸಲು ಪೇಂಟರನಿಗೆ ಹೇಳಿ ಕಳಿಸಿದೆ. ಅವನು ಬೆಳಗಾವಿಯ ಗಣಪತಿ ಮಂಟಪಗಳ ಕೆಲಸಕ್ಕೆ ಹೋಗಿದ್ದ. ಗಣಪತಿ ಮುಳುಗಿದ ಮೇಲೆ ಬರುತ್ತೇನೆ ಎಂದು ಉತ್ತರ ಬಂತು. ಅಲ್ಲಿಯವರೆಗೆ ಬೋರ್ಡು ಇಳಿಸೋಣವೇ ಎಂದರೆ ಅವ್ವ ಒಪ್ಪಲಿಲ್ಲ. "ಇರ್ಲಿ ಬಿಡು. ಆ ನಡುವ ಅವರು ಬಂದು ಹೋದ್ರ?" ಎಂದಳು.

ಹೀಗೆ ಗಣಪತಿ ಹಬ್ಬದ ಆ ದಿನಗಳಲ್ಲಿ ನಮ್ಮ ಮನೆಗೆ ದುಃಖದ ಮುಖಗಳು ಬರುತ್ತಲೇ ಇದ್ದವು. ಸತ್ತ ಮನೆಯಲ್ಲಿ ಒಲೆ ಹೊತ್ತಿಸುವುದಿಲ್ಲ, ನೆಂಟರು, ನೆರೆಯವರು ಬುತ್ತಿ ತರುತ್ತಾರೆ. ಊರಿಗೇ ಉಣಿಸುವ ಖಾನಾವಳಿಗೆ ಜನ ರೊಟ್ಟಿ ಕಟ್ಟಿಕೊಂಡು ಬರುವುದೆಂದರೆ! ಹಳೆಯ ಮಾಸ್ತರರೊಬ್ಬರು ಬುತ್ತಿ ಬಿಚ್ಚಿದ ಮೇಲೆ ಹಿಂದೆ ಹೊಗೆಯಾಡುವ ಒಲೆ ಕಂಡು ಪೇಚಾಡಿದರು. ಅವ್ವ ಎಲ್ಲರಿಗೂ ಅದೇ ಮಾತು ಹೇಳಿದಳು, ಆರಾಮ ಅದಾರ್ರಿ, ಗೋವಾದಾಗ ಅದಾರ. ಕೈ ತೊಳೆಸಿ ಉಣಿಸಿ ಕಳಿಸಿದಳು. ಆದರೆ ದಿನ ಹೋದ ಹಾಗೆ ಒಂದು ಸಂಗತಿ ನನಗೆ ಕಂಡಿತು, ಅವಳಿಗೂ ಕಂಡಿರಬೇಕು. ಬಂದವರು ಯಾರೂ ಬೆಚ್ಚಿಬಿದ್ದಿರಲಿಲ್ಲ. ಇವರೆಲ್ಲರ ಮನಸ್ಸಿನಲ್ಲಿ ಅಪ್ಪ ಎಂದೋ ಹೋಗಿಬಿಟ್ಟಿದ್ದ. ಬೋರ್ಡು ಬರೀ ತಡವಾಗಿ ಬಂದ ಹಾಳೆ. ಸಂಜೆ ಅವ್ವನ ನಗು ಸ್ವಲ್ಪ ಸ್ವಲ್ಪ ಸಣ್ಣದಾಗುತ್ತಿತ್ತು. ರಸ್ತೆಯ ಮೇಲೆ ಬಸ್ಸಿನ ಸದ್ದಾದರೆ ಕೈಯ ಕೆಲಸ ನಿಲ್ಲಿಸುತ್ತಿದ್ದಳು.

ಗಣಪತಿ ಕಳಿಸುವ ಹಿಂದಿನ ದಿನ ಪ್ರೆಸ್ಸಿಗೆ ರಜೆ, ನಾನು ಮನೆಯಲ್ಲಿದ್ದೆ. ಮಧ್ಯಾಹ್ನ ಒಬ್ಬ ಲಾರಿ ಡ್ರೈವರ್ ಬಂದು ಉಂಡ. ಬೆಳಗಾವಿಯ ಕಾಯಿಪಲ್ಯವನ್ನು ಗೋವಾದ ಮಡಗಾಂವ ಮಾರ್ಕೆಟ್ಟಿಗೆ ಒಯ್ಯುವವನು, ನಮ್ಮಲ್ಲಿಗೆ ಅದೇ ಮೊದಲ ಸಲ. ಕೈ ತೊಳೆದು ಟವೆಲ್ಲಿಗೆ ಒರೆಸುತ್ತ, ಹೋಗಲಾರದೆ ನಿಂತ.

"ಅಕ್ಕಾರ, ಬೋರ್ಡಿನ ಮ್ಯಾಲ ಹೆಸರೈತಲ್ಲ, ಅವರು ನಿಮಗೇನಾಗಬೇಕ್ರಿ?"

"ನಮ್ಮ ಮನಿಯವರ್ರಿ. ಆರಾಮ ಅದಾರ. ಬೋರ್ಡ್ ನೋಡಿ ಮಂದಿ ಏನರೆ ತಿಳ್ಕೊಂತಾರ, ನೀವು ತಿಳ್ಕೋಬ್ಯಾಡ್ರಿ."

"ಆರಾಮ ಅದಾರ, ನನಗ ಗೊತ್ತೈತ್ರಿ," ಎಂದ ಅವನು.

ಅವ್ವನ ಕೈಯಲ್ಲಿದ್ದ ಸೌಟು ಹಾಗೇ ನಿಂತಿತು. ಡ್ರೈವರ್ ನೆಲ ನೋಡುತ್ತ ಹೇಳಿದ. ಈ ಹೆಸರಿನವರೊಬ್ಬರು ಮಡಗಾಂವ ಮಾರ್ಕೆಟ್ಟಿನಲ್ಲಿ ಹಮಾಲರ ಮೇಲ್ವಿಚಾರಣೆ ನೋಡುವ ಮುಕಾದಮ. ಖಾನಾಪುರದವರು ಎಂದು ಅವರೇ ಒಮ್ಮೆ ಹೇಳಿದ್ದುಂಟು. ಹೋದ ವಾರ ಏನೋ ಕೆಲಸಕ್ಕೆಂದು ಅವನ ಲಾರಿಯಲ್ಲೇ ಮುಂದೆ ಕುಳಿತು ಬೆಳಗಾವಿಗೆ ಬಂದಿದ್ದರು.

"ಇಲ್ಲಿ ಬಂದಾಗ ಅವರು ಬೋರ್ಡ್ ಓದಿದ್ರು. ಜೋರ್ಲೇ ಓದಿದ್ರು. ನಿಮ್ಮ ಹೆಸರ ಐತಲ್ಲ ಅಂದೆ. ಹೌದು ಅಂದ್ರು. ಗಾಡಿ ನಿಂದರಸ್ಲೇನು, ಊಟಾ ಮಾಡೂಣು ಅಂದೆ. ಬ್ಯಾಡ, ನಡಿ ಅಂದ್ರು. ಹೊಳ್ಳಿ ಹೋಗುವಾಗ ಆ ಕಡಿ ಮಾರಿ ಮಾಡಿ ಕುಂತ್ರು. ನನಗ ಸಮಾಧಾನ ಆಗ್ಲಿಲ್ರಿ, ಅದಕ್ಕ ಇವತ್ತ ಇಳದೆ." ಉಳಿದದ್ದನ್ನೂ ಹೇಳಿದ. "ಅಲ್ಲಿ ಅವರಿಗೆ ಮನಿ ಐತ್ರಿ. ಇಬ್ಬರು ಹುಡುಗ್ರು ಸಾಲಿಗೆ ಹೋಗ್ತಾವ."

ಅವ್ವ ಸೌಟನ್ನು ಪಾತ್ರೆಯಲ್ಲಿಟ್ಟಳು. ಆಮೇಲೆ ಕೇಳಿದಳು.

"ಗಾಡಿ ಜೋರ್ ಇತ್ತೇನ್ರಿ?"

"ಇತ್ರಿ. ಇಳಿಜಾರ ರಸ್ತಾ ಅಲ್ಲೇನ್ರಿ ಇದು."

"ಆದ್ರೂ ಓದಾಕ ಬಂತು?"

"ಸಾಫ್ ಬಂತ್ರಿ," ಎಂದ ಅವನು, ಸುಳ್ಳು ಹೇಳಲು ಬಾರದ ಮನುಷ್ಯ. "ಅಷ್ಟ ದಪ್ಪ ಬರದೀರಿ."

ಅವ್ವ ಅವನಿಗೆ ಇನ್ನೊಂದು ಲೋಟ ಮಜ್ಜಿಗೆ ಕೊಟ್ಟಳು. ಅವನು ನಿಂತೇ ಕುಡಿದು ಹೋದ. ನನಗೆ ಅಪ್ಪನ ಮೇಲೆ ಬಂದ ಸಿಟ್ಟಿಗಿಂತ ಆ ಅಕ್ಷರದ ಮೇಲೆ ಹೆಚ್ಚು ಸಿಟ್ಟು ಬಂತು. ಒಂದಿಷ್ಟು ಮಸಕಾಗಿದ್ದರೆ, ಒಂದು ಗೆರೆ ಸೊರಗಿದ್ದರೆ, ಅವನು ಓದಿರಲಿಕ್ಕಿಲ್ಲ ಎಂದುಕೊಂಡು ಅವ್ವ ಇನ್ನೂ ಎಷ್ಟೋ ವರ್ಷ ಕಾಯಬಹುದಿತ್ತು. ಓದಿದ. ಓಡುವ ಗಾಡಿಯಿಂದ, ಸಾಫಾಗಿ ಓದಿದ. ಅವ್ವ ಬೆಂಚಿನ ಮೇಲೆ ಕುಳಿತು ತಾಟು ಒರೆಸುತ್ತಿದ್ದಳು. ಬಸ್ಸೊಂದು ಹೋಯಿತು. ಅವಳು ತಲೆ ಎತ್ತಲಿಲ್ಲ.

ಆಗ ಸಂದಿಯ ಬಾಯಿಗೆ ಒಬ್ಬ ಮುದುಕಿ ಬಂದು ನಿಂತಳು. ನಂದಗಡದವಳು. ಅಪ್ಪ ಹುಡುಗನಾಗಿದ್ದಾಗ ಅಲ್ಲಿಯ ಶಾಲೆಗೆ ಹೋಗುತ್ತಿದ್ದ, ಅವಳ ಮನೆಯಲ್ಲೇ ಊಟಕ್ಕಿದ್ದ. ಸುದ್ದಿ ಅವಳಿಗೆ ತಡವಾಗಿ ಮುಟ್ಟಿತ್ತು. ಬಸ್ಸಿನಲ್ಲಿ ಬಂದಿದ್ದಳು, ಮಳೆಯಲ್ಲಿ ಸೆರಗು ತೊಯ್ದಿತ್ತು. ಕಂಕುಳಲ್ಲಿ ಅರಿವೆಯಲ್ಲಿ ಕಟ್ಟಿದ ಬುತ್ತಿ. ಬೋರ್ಡಿನ ಕಡೆಗೆ ಒಮ್ಮೆ ನೋಡಿ ಬಾಯಿಗೆ ಕೈ ಹಚ್ಚಿ ಅತ್ತಳು.

"ಖರೇ ಏನವ್ವಾ? ಖರೇನ ಹೋದನೇನ?"

ನಾನು ಎದ್ದು, ಹಂಗಲ್ರಿ ಆಯಿ, ಎನ್ನುತ್ತ ಎಂದಿನ ಮಾತು ಹೇಳಲು ಹೊರಟೆ. ಅವ್ವ ಕೈ ಸನ್ನೆಯಿಂದ ನನ್ನನ್ನು ತಡೆದಳು. ಎದ್ದು ಹೋಗಿ ಆ ಬುತ್ತಿಯನ್ನು ಎರಡೂ ಕೈಯಿಂದ ತೆಗೆದುಕೊಂಡಳು.

"ಬರ್ರಿ ಆಯಿ, ಕುಂದರ್ರಿ," ಎಂದಳು. "ಸುದ್ದಿ ಇವತ್ತ ಬಂತು."